ಉಸಿರು ಎಣಸೂಣು ವೈನಿ

ನಮ್ಮ ಹಿತ್ತಲಿಗೂ ವೈನಿಯ ಹಿತ್ತಲಿಗೂ ನಡುವೆ ಒಂದು ಸೀತಾಫಲದ ಗಿಡ. ಅವರು ಅಥಣಿಯವರು, ನಾನು ವಿಜಯಪುರದವಳು. ಪುಣೆ ಬಳಿಯ ಈ ಸಾಸವಡದಲ್ಲಿ ದಿನವಿಡೀ ಮರಾಠಿ ಆಡಿದ ಬಾಯಿಗೆ ಸಂಜೆ ಆ ಗಿಡದ ಬುಡದಲ್ಲೇ ಕನ್ನಡ ಸಿಗುವುದು.

ನಿನ್ನೆ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಬಂದರು. "ಜ್ವರಾ, ಕೆಮ್ಮ ಎರಡೂ ಅದಾವ ಅಕ್ಕಾರ. ನ್ಯುಮೋನಿಯಾ ಆಗಿದ್ರ ಕೆಮ್ಮ ಇನ್ನೂ ಜೋರ ಇರತಿತ್ತಲ್ಲ?"

"ಕೆಮ್ಮಿನ ಜೋರು ನೋಡಬ್ಯಾಡ್ರಿ ವೈನಿ, ಉಸಿರು ಎಣಸೂಣು."

ಕೂಸು ಅಳು ನಿಲ್ಲಿಸಿದ ಮೇಲೆ ಅಂಗಿ ಎತ್ತಿ, ಮೊಬೈಲಿನಲ್ಲಿ ಪೂರ್ತಿ ಒಂದು ನಿಮಿಷ ನೋಡಿಕೊಂಡು ಎಣಿಸಿದೆವು. 34. ಒಂದೂವರೆ ವರ್ಷದ ಕೂಸಿಗೆ 40 ಮುಟ್ಟಿದರೆ ದವಾಖಾನೆಗೆ ಓಡಬೇಕು. ವರ್ಷ ತುಂಬದಿದ್ದರೆ 50, ಎರಡು ತಿಂಗಳೊಳಗೆ 60. ಎಣಿಕೆ ಕಡಿಮೆಯಿದ್ದರೂ ಉಸಿರೆಳೆದಾಗ ಎದೆಯ ಕೆಳಭಾಗ ಒಳಗೆ ಗುಳಿ ಬಿದ್ದರೆ, ಹಾಲು ಬಿಟ್ಟರೆ, ತುಟಿ ನೀಲಿಗಟ್ಟಿದರೆ ಕಾಯುವ ಮಾತೇ ಇಲ್ಲ. ಜ್ವರವಂತೂ ಇದೆ, ಬೆಳಿಗ್ಗೆ ಡಾಕ್ಟರಿಗೆ ತೋರಿಸಿ ಎಂದೆ.

"ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು, ನ್ಯುಮೋನಿಯಾದ್ದು ಮೂರೂ ಸೂಜಿ ಆಗ್ಯಾವ್ರಿ."

ಒಳ್ಳೆಯದೇ. ನಾವು ಪುಣೆಗೆ ಹೋಗುವ ದಾರಿಯ ಹಡಪಸರದಲ್ಲೇ ಇರುವ ಸೀರಮ್ ಇನ್‌ಸ್ಟಿಟ್ಯೂಟ್ 2020ರ ಕೊನೆಗೆ ಇಂಥ ಲಸಿಕೆಯನ್ನು ಹೊರತಂದಿತು. ಆದರೆ ಅದು ನ್ಯುಮೋಕಾಕಸ್ಸಿಗಷ್ಟೇ. ಆ ರೋಗಾಣುವಿನದು ದಿಢೀರ್ ಆಟ: ಮೈ ನಡುಗುವ ಚಳಿ, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚು, ಕೆಲವರಿಗೆ ತುಕ್ಕಿನ ಬಣ್ಣದ ಕಫ. ಮೈಕೋಪ್ಲಾಸ್ಮಾ ಎಂಬ ಇನ್ನೊಂದು ರೋಗಾಣುವಿನದು ಮೆಲ್ಲಗೆ ಬರುತ್ತದೆ. ಒಣಕೆಮ್ಮು, ತಲೆನೋವು, ಸಣ್ಣ ಜ್ವರ ಇಟ್ಟುಕೊಂಡೇ ಹುಡುಗರು ವಾರಗಟ್ಟಲೆ ಕಾಲೇಜಿಗೆ ಓಡಾಡುತ್ತಾರೆ. ಫ್ಲೂ ಇಳಿದು ಎರಡು ದಿನಕ್ಕೆ ಜ್ವರ ಮತ್ತೆ ಏರಿದರೂ ಎದೆಯನ್ನು ಪರೀಕ್ಷಿಸಬೇಕು. ಯಾವ ಥರದ್ದೆಂದು ಲಕ್ಷಣದಿಂದಲೇ ಹೇಳಿಬಿಡಲು ಡಾಕ್ಟರಿಗೂ ಆಗದು.

ನಮ್ಮ ಮಾವನವರಿಗೆ ನ್ಯುಮೋನಿಯಾ ಬಂದಾಗ ಜ್ವರವೂ ಇರಲಿಲ್ಲ, ಕೆಮ್ಮೂ ಇರಲಿಲ್ಲ. ಊಟ ಬಿಟ್ಟರು. ಮಳೆಗಾಲದಲ್ಲಿ ಬರುವ ಪಾಲಖಿಯನ್ನು ಮಾಘ ಮಾಸದಲ್ಲೇ ನೆನೆದು, "ಮಾವುಲಿ ಪಾಲಖಿ ದಿವೆ ಘಾಟ ಏರಿತೇನ?" ಎಂದು ಕೇಳತೊಡಗಿದರು. ವಯಸ್ಸಾಯಿತು ಎಂದುಕೊಂಡು ಎರಡು ದಿನ ಕಳೆದೆವು. ದೊಡ್ಡವರ ಉಸಿರು ನಿಮಿಷಕ್ಕೆ 20ರೊಳಗಿರಬೇಕು. ಅವರದು 30 ದಾಟಿತ್ತು. ಎಕ್ಸ್‌ರೇಯಲ್ಲಿ ಬಲಗಡೆಯ ಕೆಳಭಾಗ ಬೆಳ್ಳಗಾಗಿತ್ತು. ಗುಣವಾದರು, ಆದರೆ ಆ ಎರಡು ದಿನ ನನ್ನನ್ನು ಇನ್ನೂ ಚುಚ್ಚುತ್ತವೆ.

ವೈನಿ ಸುಮ್ಮನಾದರು. "ನಮ್ಮ ಅತ್ತಿಯವರೂ ನಿನ್ನಿಂದ ಬರೇ ಮಲಗೇ ಇದ್ದಾರ್ರೀ..."

ಕೂಸನ್ನು ಬೇಲಿ ಮೇಲಿಂದ ನನ್ನ ಕೈಗಿತ್ತು, ಮೊಬೈಲು ಇಸಿದುಕೊಂಡು ಒಳಗೆ ಓಡಿದರು.