ಕೌದಿಯೊಳಗಿನ ಆಕಾಶವಾಣಿ

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಇರುವುದು ಎದೆಮಟ್ಟದ ಒಂದು ಕಾಂಪೌಂಡು. ಅದರ ಮೇಲೆ ಆ ಕಡೆಯವರ ತುಳಸಿ ಕುಂಡ, ಈ ಕಡೆ ನಮ್ಮ ದೊಡ್ಡಪತ್ರೆ ಕುಂಡ, ಮಧ್ಯೆ ಮೊಳಕೈ ಊರುವಷ್ಟು ಜಾಗ. ದಾವಣಗೆರೆಯ ನಮ್ಮ ಬೀದಿಯ ಅರ್ಧ ವ್ಯವಹಾರ ಆ ಜಾಗದಲ್ಲೇ ಮುಗಿಯುತ್ತದೆ. ಹೆಪ್ಪಿಗೆ ಮಜ್ಜಿಗೆ, ಒಂದು ಎಸಳು ಕರಿಬೇವು, ನಲ್ಲಿ ನೀರು ಬಂತೇ ಎಂಬ ವಿಚಾರಣೆ. ಆ ಕಡೆ ಇರುವವರು ಸರ್ಕಾರಿ ಶಾಲೆಯ ಟೀಚರಮ್ಮ. ಈ ಕಡೆ ನಾನು. ಮೂವತ್ತು ವರ್ಷ ಕರೆಂಟು ಕಂಬಗಳ ಕೆಲಸ ಮಾಡಿ, ರಿಟೈರಾಗಿ, ಈಗ ಯಾರ ಮನೆಯ ಬಲ್ಬು ಮಿಣುಕಿದರೂ ಕರೆಯದೇ ಹೋಗುವವನು.

ಒಂದು ರಾತ್ರಿ ಒಂಬತ್ತರ ಸುಮಾರಿಗೆ ಅವರ ಮನೆಯಲ್ಲಿ ಫ್ಯಾನು ನಿಂತಿತು, ಟಿವಿ ಸದ್ದಡಗಿತು. ನಮ್ಮಲ್ಲಿ ಕರೆಂಟಿದೆ. ಒಂದು ಫೇಸ್ ಹೋಗಿರಬೇಕು ಎಂದುಕೊಂಡು ಟೆಸ್ಟರ್ ಹಿಡಿದು ಹೊರಟೆ. ಬಾಗಿಲು ತೆಗೆದ ಅವರ ಮಗ ಬಾಯಿಯ ಮೇಲೆ ಬೆರಳಿಟ್ಟು, ಒಳಗೆ ನೋಡಿ ಎಂದು ಕಣ್ಣಲ್ಲೇ ತೋರಿಸಿದ. ಮಂಚದ ಮೇಲೆ ಒಂದು ಕೌದಿ ಗುಡ್ಡದ ಹಾಗೆ ಎದ್ದು ಕೂತಿದೆ. ಆ ಗುಡ್ಡದೊಳಗಿಂದ ದನಿ ಬರುತ್ತಿದೆ: "ಮಕ್ಕಳೇ, ಈಗ ನೀವು ಕೇಳುವ ಶಬ್ದ ಯಾವುದು, ಗುರುತಿಸಿ ನೋಡೋಣ." ಸರಿಯಾಗಿ ಅದೇ ಹೊತ್ತಿಗೆ ನಮ್ಮ ಮನೆಯ ಕುಕ್ಕರ್ ಕೂಗಿತು.

ಮರುದಿನ ಬೆಳಿಗ್ಗೆ ಕಾಂಪೌಂಡಿನ ಮೇಲೆ ಪಂಚಾಯಿತಿ.

"ಪಾಡ್‌ಕಾಸ್ಟ್ ಮಾಡ್ತಿದ್ದೆ ಅಣ್ಣಾ. ಕೌದಿ ಹೊದ್ಕೊಂಡ್ರೆ ದನಿ ಗೋಡೆಗೆ ಬಡಿದು ಗುಂಯ್ ಅನ್ನಲ್ಲ. ಫ್ಯಾನಿನ ಸದ್ದೂ ಸೇರಬಾರದು."

"ಪಾಡ್‌ಕಾಸ್ಟ್ ಅಂದ್ರೆ? ರೇಡಿಯೋ ತಾನೆ?"

"ರೇಡಿಯೋನೇ ಅನ್ಕೊಳ್ಳಿ. ಆದ್ರೆ ನಿಲ್ಲು ಅಂದ್ರೆ ನಿಲ್ಲುತ್ತೆ."

ಆ ಹೆಸರಿನ ಹುಟ್ಟು ಒಂದು ತಮಾಷೆ. ಐಪಾಡ್ ಎಂಬ ಹಾಡಿನ ಡಬ್ಬಿ ಬಂದದ್ದು 2001ರಲ್ಲಿ. 2004ರಲ್ಲಿ ಬೆನ್ ಹ್ಯಾಮರ್ಸ್‌ಲಿ ಎಂಬ ಪತ್ರಕರ್ತ ಲಂಡನ್ನಿನ ಗಾರ್ಡಿಯನ್ ಪತ್ರಿಕೆಗೆ ಬರೆಯುತ್ತ, ಐಪಾಡಿನ ಪಾಡ್‌ಗೆ ಬ್ರಾಡ್‌ಕಾಸ್ಟಿನ ಬಾಲ ಅಂಟಿಸಿದ. 2022ರಲ್ಲಿ ಐಪಾಡ್ ಮಾಡುವುದನ್ನೇ ನಿಲ್ಲಿಸಿದರು, ಹೆಸರು ಮಾತ್ರ ಉಳಿಯಿತು. ಟಾಕೀಸು ಕೆಡವಿ ಎಷ್ಟೋ ವರ್ಷವಾದರೂ ಬಸ್ ಸ್ಟಾಪಿಗೆ ಟಾಕೀಸಿನ ಹೆಸರೇ ಇರುವುದಿಲ್ಲವೇ, ಹಾಗೆ. ಕನ್ನಡದಲ್ಲೇ ಒಂದು ಪಾಡ್‌ಕಾಸ್ಟಿಗೆ 'ತಲೆ-ಹರಟೆ' ಎಂದು ಹೆಸರಿಟ್ಟಿದ್ದಾರೆ ಎಂದು ಟೀಚರಮ್ಮ ಹೇಳಿದಾಗ, ಈ ಕಾಂಪೌಂಡಿಗೆ ಆ ಹೆಸರು ಮೊದಲೇ ಇಡಬೇಕಿತ್ತು ಅನಿಸಿತು.

ಮನೆಯಲ್ಲಿ ಕೂತು ಊರಿಗೆ ಕೇಳಿಸುವುದು ನಮ್ಮವರಿಗೆ ಹೊಸದೇನೂ ಅಲ್ಲ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟದೊಂದು ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದರು. ಅದಕ್ಕೆ ಬಿದ್ದ ಹೆಸರೇ ಆಕಾಶವಾಣಿ, ಮುಂದೆ ಅದನ್ನು ಇಡೀ ದೇಶದ ರೇಡಿಯೋಗೆ ಇಟ್ಟರು. ಅವರೂ ಮೇಷ್ಟ್ರೇ. ಕೌದಿಯೊಳಗಿನ ಟೀಚರಮ್ಮನನ್ನು ಕಂಡ ಮೇಲೆ ನನಗೆ ಆ ಮನೆಯ ಕಲ್ಪನೆ ಕಟ್ಟತೊಡಗಿದೆ. ಆ ಕಾಲದಲ್ಲಿ ಕುಕ್ಕರ್ ಇರಲಿಲ್ಲ, ಅದೃಷ್ಟವಂತರು.

ಯಂತ್ರದಿಂದ ಬರುವ ಪಾಠದ ಬಗ್ಗೆ ನನ್ನ ಅನುಮಾನ ಬೇರೆಯದು, ಅದು ಐವತ್ತು ವರ್ಷ ಹಳೆಯದು. ನಾನು ಹುಟ್ಟಿ ಬೆಳೆದದ್ದು ರಾಯಚೂರು ಸೀಮೆಯ ಒಂದು ಹಳ್ಳಿಯಲ್ಲಿ. 1975ರ ಆಗಸ್ಟಿನಲ್ಲಿ, ಕರೆಂಟೇ ಅಪರೂಪವಾಗಿದ್ದ ಸೀಮೆಗೆ ಟಿವಿ ಬಂತು. ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರ ಪ್ರಸಾರ. ಅದನ್ನು ಸೈಟ್ ಎಂದು ಕರೆಯುತ್ತಿದ್ದರು. ಕರ್ನಾಟಕದ ಪಾಲಿಗೆ ರಾಯಚೂರು, ಗುಲ್ಬರ್ಗ, ಬಿಜಾಪುರ. ಶಾಲೆಯ ಅಂಗಳದಲ್ಲಿ ಹತ್ತಡಿ ಅಗಲದ ಛತ್ರಿ ನಿಂತಿತು, ಅದಕ್ಕೆ ಬಿಗಿದದ್ದು ಕೋಳಿ ಗೂಡಿಗೆ ಬಿಗಿಯುವಂಥದೇ ತಂತಿ ಬಲೆ. ಕೋಳಿ ತರುತ್ತಾರೆಂದು ನಾವು ಎರಡು ದಿನ ಕಾದೆವು.

ಬೆಳಗಿನ ಹೊತ್ತು ಮಕ್ಕಳ ಪಾಠ. ಒಂದೂವರೆ ಗಂಟೆಯನ್ನು ನಾಲ್ಕು ಭಾಷೆಗೆ ಹಂಚಿ, ನಮ್ಮ ಕನ್ನಡದ ಪಾಲಿಗೆ 22.5 ನಿಮಿಷ. ಆ ಇಪ್ಪತ್ತೆರಡೂವರೆ ನಿಮಿಷ ನಾವು ರೆಪ್ಪೆ ಮಿಟುಕಿಸಿದ್ದಿಲ್ಲ. ಅರ್ಥವಾಗಿದ್ದೆಷ್ಟು ಎಂದು ಯಾರೂ ಕೇಳಲಿಲ್ಲ, ನಾವು ಕೇಳಿದರೆ ಆ ಪೆಟ್ಟಿಗೆ ನಿಲ್ಲುತ್ತಲೂ ಇರಲಿಲ್ಲ. ಒಂದು ದಿನ ಯಾವುದೋ ಪಾಠ ಅರ್ಧ ತಲೆಗೆ ಹತ್ತಿತು, ಇನ್ನರ್ಧ ಕೇಳೋಣವೆಂದರೆ ಆಗಲೇ ತೆಲುಗು ಶುರುವಾಗಿತ್ತು. 1976ರ ಜುಲೈ ಕೊನೆಗೆ ವರ್ಷ ತುಂಬಿತು, ಉಪಗ್ರಹ ಆಕಾಶದಲ್ಲಿ ಜಾಗ ಬಿಟ್ಟು ಸರಿಯಿತು. ಒಳ್ಳೆಯ ಮೇಷ್ಟ್ರು ಬಂದ ವರ್ಷವೇ ಟ್ರಾನ್ಸ್‌ಫರ್ ಆಗುವುದು ನಮ್ಮ ಕಡೆ ಮಾಮೂಲು, ಆದರೆ ಮೇಷ್ಟ್ರು ಆಕಾಶದಿಂದಲೇ ಟ್ರಾನ್ಸ್‌ಫರ್ ಆಗಿದ್ದು ಅದೇ ಮೊದಲು. ಛತ್ರಿಯ ಬಲೆ ಆಮೇಲೆ ನಿಜವಾಗಿಯೂ ಯಾರದೋ ಕೋಳಿ ಗೂಡಿಗೆ ಹೋಯಿತು.

ಇಂಥ ಪಾಠಗಳು ಆಮೇಲೂ ಬಂದವು. 2004ರ ಸೆಪ್ಟೆಂಬರಿನಲ್ಲಿ ಶ್ರೀಹರಿಕೋಟದಿಂದ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿತು, ಚಾಮರಾಜನಗರ ಜಿಲ್ಲೆಯ ಶಾಲೆಗಳಲ್ಲಿ ಡಿಶ್ ನೆಟ್ಟರು. ರೇಡಿಯೋದಲ್ಲಿ 'ಚಿನ್ನರ ಚುಕ್ಕಿ', 'ಕೇಳಿ ಕಲಿ' ಬಂದವು. ಕೊರೋನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ 'ಸಂವೇದ' ಬಂತು. ಪಠ್ಯಪುಸ್ತಕದ ಪಾಠದ ನೆತ್ತಿಯ ಮೇಲೆ ಈಗ ಕಪ್ಪು ಚುಕ್ಕಿಗಳ ಚೌಕವಿದೆ, ಮೊಬೈಲು ಹಿಡಿದರೆ 'ದೀಕ್ಷಾ'ದ ವಿಡಿಯೋ ತೆರೆಯುತ್ತದೆ. ನನಗೆ ಅದು ಗಡಿಬಿಡಿಯಲ್ಲಿ ಹಾಕಿದ ರಂಗೋಲಿಯ ಹಾಗೆ ಕಾಣುತ್ತದೆ.

"ರೇಡಿಯೋ ಪಾಠ ಬಹಳ ಚೆನ್ನಾಗಿತ್ತು ಅಣ್ಣಾ," ಎಂದರು ಟೀಚರಮ್ಮ. "ಪ್ರಶ್ನೆ ಕೇಳಿ, 'ಈಗ ನೀವು ಹೇಳಿ' ಅಂತ ಸುಮ್ಮನಾಗೋದು. ಆದ್ರೆ ನನ್ನ ಕ್ಲಾಸಿನ ಹಿಂದಿನ ಸಾಲು ಬಾಯಿ ತೆಗೆಯೋ ಹೊತ್ತಿಗೆ, 'ಭೇಷ್, ಸರಿಯಾದ ಉತ್ತರ' ಅಂತ ಅದೇ ಮುಂದೆ ಹೋಗಿಬಿಡೋದು."

ಮುಂದಿನ ಶನಿವಾರ ಅವರ ಶಾಲೆಗೆ ಹೋಗುವ ಪ್ರಸಂಗ ಬಂತು. ಸ್ಪೀಕರ್ ಚಾರ್ಜ್ ಆಗುತ್ತಿಲ್ಲ, ಸಾಕೆಟ್ ನೋಡಿಕೊಡಿ ಎಂದರು. ನ್ಯೂಟ್ರಲ್ ವೈರು ಸಡಿಲಾಗಿತ್ತು, ಎರಡು ನಿಮಿಷದ ಕೆಲಸ. ಪಕ್ಕದ ಕೋಣೆಯಲ್ಲಿ ಯಾರೋ ದಾನ ಕೊಟ್ಟ ದೊಡ್ಡ ಸ್ಮಾರ್ಟ್ ಬೋರ್ಡು ಬಟ್ಟೆ ಹೊದ್ದು ನಿಂತಿತ್ತು, ಅದರ ಅಂಚಿನಲ್ಲಿ ಆಯುಧಪೂಜೆಯ ಕುಂಕುಮ ಇನ್ನೂ ಹಾಗೇ ಇತ್ತು. ಈ ಕಡೆ ಐದನೇ ತರಗತಿಯಲ್ಲಿ ಟೇಬಲ್ಲಿನ ಮೇಲೆ ತೆಂಗಿನ ಚಿಪ್ಪಿನಷ್ಟು ದೊಡ್ಡ ಒಂದು ಸ್ಪೀಕರ್, ಪಕ್ಕದಲ್ಲಿ ಟೀಚರಮ್ಮನ ಫೋನು. ಕೆಲಸ ಮುಗಿದರೂ ನಾನು ಏಳಲಿಲ್ಲ. ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತೆ.

ಅವತ್ತಿನದು ಟೀಚರಮ್ಮನ ದನಿಯಲ್ಲ. ಒಬ್ಬ ಹುಡುಗಿ ಅಪ್ಪನ ಫೋನಿನಲ್ಲಿ ತನ್ನ ಅಜ್ಜಿಯ ಕತೆ ರೆಕಾರ್ಡ್ ಮಾಡಿ ತಂದಿದ್ದಳು. ಅಜ್ಜಿಗೆ ಫೋನು ಎಂದರೆ ದೂರದೂರಿನವರು. "ಹಲೋ... ಹಲೋ... ಕೇಳ್ತೈತಾ? ಎಲ್ಲಾರೂ ಉಂಡ್ರಾ?" ಎಂದು ಕೂಗಿದರು. "ಉಂಡ್ವಿ ಅಜ್ಜೀ!" ಎಂದು ಇಡೀ ಕ್ಲಾಸು ಕೂಗಿತು. ಆಮೇಲೆ ಕತೆ. ಬರಗಾಲದ ವರ್ಷ ಯಾವನೋ ಗೌಡನ ಮನೆಯಲ್ಲಿ ಕಣಜ ತುಂಬಿತ್ತಂತೆ, ಗೌಡ್ತಿ ಅದರ ಬಾಯಿ ತೆಗೆಸಿದಳಂತೆ, ಊರ ಮಂದಿಯೆಲ್ಲ ಉಂಡರಂತೆ.

ಕಿಟಕಿ ಪಕ್ಕದ ಹುಡುಗ ಕೈ ಎತ್ತಿದ. ಟೀಚರಮ್ಮ ಫೋನಿನ ಮೇಲೆ ಎರಡು ನಿಂತ ಗೀಟುಗಳ ಗುಂಡಿ ಒತ್ತಿದರು. ಅಜ್ಜಿ ಬಾಯಿ ತೆರೆದಲ್ಲೇ ನಿಂತರು.

"ಮಿಸ್, ಕಣಜ ತಿಂದ್ರೆ ಬಾಯಿ ಊದ್ಕೊಳಲ್ವಾ?"

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಟೀಚರಮ್ಮ ನಗಲಿಲ್ಲ. "ನಿನಗೇನು ಕಾಣಿಸ್ತು, ಬೋರ್ಡಿನ ಮೇಲೆ ಬರಿ" ಎಂದರು. ಅವನು ಬರೆದ. ಒಂದು ದೊಡ್ಡ ಗಡಿಗೆ, ಅದರ ತುಂಬ ಹಳದಿ ಪಟ್ಟೆಯ ಕಣಜದ ಹುಳುಗಳು, ಸುತ್ತ ತಟ್ಟೆ ಹಿಡಿದು ಕೂತ ಊರ ಮಂದಿ. ಅವನು ತಪ್ಪು ಕೇಳಿಸಿಕೊಂಡಿರಲಿಲ್ಲ ಎನ್ನಿ. ಕಚ್ಚುವುದೂ ಕಣಜವೇ, ಕಾಳು ತುಂಬುವುದೂ ಕಣಜವೇ. ಪೇಟೆಯ ಮಗು, ಅದಕ್ಕೆ ಗೊತ್ತಿದ್ದದ್ದು ಕಚ್ಚುವುದು ಮಾತ್ರ.

ಆಗ ಮುಂದಿನ ಸಾಲಿನ ಇನ್ನೊಬ್ಬಳು ಎದ್ದಳು. ಅವಳ ಅಜ್ಜನ ಊರಿನಲ್ಲಿ ಹಗೇವು ಇದೆಯಂತೆ, ಅಂಗಳದಡಿ ಬಾವಿಯ ಹಾಗೆ ತೋಡಿ ಜೋಳ ತುಂಬುತ್ತಿದ್ದರಂತೆ, ಬಾಯಿಗೆ ಕಲ್ಲು ಚಪ್ಪಡಿ. ಇಳಿಯುವ ಮೊದಲು ಹಗ್ಗ ಕಟ್ಟಿ ದೀಪ ಇಳಿಸುತ್ತಿದ್ದರಂತೆ.

"ದೀಪ ಯಾಕೆ? ಕತ್ತಲು ಅಂತಲಾ?"

"ಆರಿದ್ರೆ ಇಳೀಬಾರ್ದು ಅಂತ ನಮ್ಮಜ್ಜ ಹೇಳ್ತಾನ್ರೀ."

ಅಲ್ಲಿಂದ ಕನ್ನಡ ಪಾಠ ವಿಜ್ಞಾನಕ್ಕೆ ಹೊರಳಿತು. ದೀಪಕ್ಕೆ ಏನು ಬೇಕು, ಮುಚ್ಚಿದ ಹಗೇವಿನಲ್ಲಿ ಅದು ಯಾಕೆ ಇಲ್ಲ, ಕಾಳೂ ಉಸಿರಾಡುತ್ತದೆಯೇ. ಉಸಿರಾಡುತ್ತದೆ ಎಂದದ್ದಕ್ಕೆ ಹಿಂದಿನ ಬೆಂಚಿನಿಂದ "ಹೌದಾ?" ಎಂದು ಉದ್ಗಾರ ಬಂತು, ಅದು ನನ್ನದೇ. ಆರು ನಿಮಿಷದ ಅಜ್ಜಿ ಕತೆ ಮುಗಿಯಲು ಎರಡು ಪೀರಿಯಡ್ ಹಿಡಿಯಿತು. ಅಷ್ಟೂ ಹೊತ್ತು ಅಜ್ಜಿ ಗೌಡ್ತಿಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದರು. ನಮ್ಮ 1975ರ ಪೆಟ್ಟಿಗೆ ಹಾಗೆ ಒಂದು ಗಳಿಗೆ ಕಾದಿದ್ದರೆ ನಾನು ಇವತ್ತು ಏನಾಗಿರುತ್ತಿದ್ದೆನೋ. ಬಹುಶಃ ಲೈನ್‌ಮನ್ನೇ, ಬಿಡಿ.

ಮನೆಗೆ ಬಂದು ಯೋಚಿಸಿದೆ. ಇದೇ ಕತೆ ವಿಡಿಯೋ ಆಗಿದ್ದರೆ ಕಣಜ ಎಂದೊಡನೆ ಬಿದಿರಿನ ಕಣಜದ ಚಿತ್ರ ಬಂದುಬಿಡುತ್ತಿತ್ತು. ಆ ಹುಡುಗನ ತಲೆಯಲ್ಲಿ ಹುಳು ತುಂಬಿದ ಗಡಿಗೆ ಇತ್ತೆಂಬುದು ಅವನಿಗೂ ಗೊತ್ತಾಗುತ್ತಿರಲಿಲ್ಲ. ಚಿತ್ರವಿಲ್ಲದ್ದರಿಂದ ಅವನೇ ಒಂದು ಕಟ್ಟಿಕೊಂಡ, ಅದು ಹೊರಗೆ ಬಂತು. ಖರ್ಚಿನ ಲೆಕ್ಕವೂ ಇದೆ. ಹತ್ತು ನಿಮಿಷದ ದನಿ ಐದು ಎಂಬಿಯಲ್ಲಿ ಮುಗಿಯುತ್ತದೆ, ಅಷ್ಟೇ ಹೊತ್ತಿನ ವಿಡಿಯೋಗೆ ಅದರ ಹತ್ತಿಪ್ಪತ್ತು ಪಟ್ಟು ಬೇಕು. ನೆಟ್ಟು ಅಪ್ಪನ ದುಡ್ಡಿನದಾದಾಗ ಈ ಲೆಕ್ಕ ಸಣ್ಣದಲ್ಲ. ಭಾಷೆಯ ಪಾಠಕ್ಕೆಂದು 'ಕಥೆ ಖಜಾನೆ' ಎಂಬ ಕೇಳುವ ಕತೆಗಳ ಸಂಗ್ರಹವೂ ಉಂಟಂತೆ, ರೆಕಾರ್ಡ್ ಮಾಡಲು ಪುರಸತ್ತಿಲ್ಲದ ವಾರ ಅವರು ಅಲ್ಲಿಂದ ಎತ್ತುತ್ತಾರೆ.

ಒಮ್ಮೆ ಕೌದಿಯ ಸೆಕೆ ತಾಳದೆ ಕಂಪ್ಯೂಟರಿನ ಕೈಯಲ್ಲೇ ಪಾಠ ಓದಿಸಿದರಂತೆ. ಉಚ್ಚಾರ ತಪ್ಪಿರಲಿಲ್ಲ. ಆದರೂ ಮಕ್ಕಳು, "ಮಿಸ್, ಇವ್ರು ಬಸ್ ಸ್ಟ್ಯಾಂಡಿನ ಅಕ್ಕ" ಎಂದರಂತೆ. ಮರುದಿನ ಮತ್ತೆ ಕೌದಿ.

ತಕರಾರು ಇಲ್ಲವೆಂದಲ್ಲ. ತರಗತಿಯಲ್ಲಿ ಕಿವಿ ಮಂದವಿರುವ ಒಬ್ಬ ಹುಡುಗನಿದ್ದಾನೆ, ಅವನಿಗೆ ಸ್ಪೀಕರಿನಿಂದ ಏನೂ ದಕ್ಕದು. ಅವನಿಗಾಗಿ ಅಷ್ಟನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಡುತ್ತಾರೆ. ಆ ಕೆಲಸ ಯಾವ ಆ್ಯಪೂ ಮಾಡಿಕೊಟ್ಟಿಲ್ಲ, ಅವರ ಬೆರಳಿನ ಮೇಲೆ ಪೆನ್ನಿನ ಗಂಟು ಬಿದ್ದಿದೆ. ಬೀದಿಯ ಕೊನೆಯ ಮನೆಯವರದು ಇನ್ನೊಂದು ಮಾತು: "ಮೊಬೈಲ್ ಹಚ್ಚಿ ಕೂಡಿಸ್ತಾರಂತೆ, ಸಂಬಳ ಯಾಕೆ ಕೊಡ್ಬೇಕು?" ಸ್ಪೀಕರ್ ಹಚ್ಚಿ ಹೊರಗೆ ಹೋಗಿ ಹರಟೆ ಹೊಡೆಯುವವರ ವಿಚಾರದಲ್ಲಿ ಅದು ನ್ಯಾಯವೇ. ಇವರು ಆ ಎರಡು ಪೀರಿಯಡ್‌ನಲ್ಲಿ ಕೂತದ್ದನ್ನೇ ನಾನು ನೋಡಲಿಲ್ಲ. ಆ ನಿಲ್ಲಿಸುವ ಗುಂಡಿಯನ್ನು ಹದಿನಾಲ್ಕು ಸಲ ಒತ್ತಿದರು, ಎಣಿಸಿದ್ದೇನೆ. ಅದನ್ನು ಯಾವಾಗ ಒತ್ತಬೇಕೆಂದು ಗೊತ್ತಿರುವುದಕ್ಕೇ ಸಂಬಳ ಎಂದು ಅವರಿಗೆ ಹೇಳಿದೆ. ಒಪ್ಪಲಿಲ್ಲ.

ಮೊನ್ನೆ ಕಾಂಪೌಂಡಿನಲ್ಲಿ ಸೈಟ್ ಟಿವಿಯ ಕತೆ ಹೇಳುತ್ತಿದ್ದಾಗ ಟೀಚರಮ್ಮ ತಟ್ಟನೆ, "ಇದನ್ನೇ ರೆಕಾರ್ಡ್ ಮಾಡಿಕೊಡಿ ಅಣ್ಣಾ" ಎಂದರು. ಹೀಗಾಗಿ ಅರವತ್ತು ದಾಟಿದ ನಾನೂ ಕೌದಿ ಹೊದ್ದೆ. ಮೊದಲ ಸಲ ನಾಯಿ ಬೊಗಳಿತು. ಎರಡನೇ ಸಲ ನಾನೇ ಸೀನಿದೆ. ಮೂರನೆಯದು ಸೊಗಸಾಗಿ ಬಂದಿತ್ತು, ಕೋಳಿ ಬಲೆಯ ಛತ್ರಿಯ ತನಕ ಬಂದಿದ್ದೆ, ಅಷ್ಟರಲ್ಲಿ ಕುಕ್ಕರ್ ಕೂಗಿತು. "ಪರವಾಗಿಲ್ಲ, ಹಾಗೇ ಇರಲಿ" ಎಂದರು ಟೀಚರಮ್ಮ. ಹಿಂದೊಮ್ಮೆ ಅವರ ಪಾಠದಲ್ಲಿ ಸೇರಿಹೋದ ನಮ್ಮ ಕುಕ್ಕರನ್ನು ಕೇಳಿ, "ಮೂರು ಕೂಗು ಆಯ್ತು ಮಿಸ್, ಒಲೆ ಆರಿಸಿ" ಎಂದು ಮಕ್ಕಳೇ ಎಚ್ಚರಿಸಿದ್ದರಂತೆ.

ನನ್ನ ಪಾಠ ಬರುವ ಸೋಮವಾರ ಎರಡನೇ ಪೀರಿಯಡ್‌ಗೆ. ನಾಳೆ, ನಾಡಿದ್ದು ಇನ್ನೊಮ್ಮೆ ತಿದ್ದಿ ರೆಕಾರ್ಡ್ ಮಾಡುವುದಿದೆ. ಆದ್ದರಿಂದ ನಮ್ಮ ಬೀದಿಯ ಸಮಸ್ತರಲ್ಲಿ, ಮುಖ್ಯವಾಗಿ ನಮ್ಮ ಮನೆಯಾಕೆಯಲ್ಲಿ, ಕಳಕಳಿಯ ವಿನಂತಿ: ರಾತ್ರಿ ಒಂಬತ್ತರಿಂದ ಒಂಬತ್ತೂವರೆಯ ತನಕ ದಯವಿಟ್ಟು ಯಾರೂ ಕುಕ್ಕರ್ ಇಡಬೇಡಿ.