ಪಾಸ್ ಪರ್ಸೆಂಟೇಜ್ ಎಷ್ಟು ಮಿಸ್?

ಮಗುವಿಗೆ ಪಿಯಾನೋ ಮೇಷ್ಟ್ರನ್ನು ಹುಡುಕುತ್ತಿರುವ ಅಪ್ಪ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಾದರೂ ಸಿಗುತ್ತಾನೆ. ನನಗೆ ಮಾತ್ರ ಮದುವೆಯಲ್ಲೇ ಗಂಟುಬಿದ್ದ. ಹೆಂಡತಿಯ ತಂಗಿಯ ಗಂಡ, ಸಾಫ್ಟ್‌ವೇರ್ ಕಂಪನಿಯಲ್ಲಿ ಮ್ಯಾನೇಜರು. ಏಳು ವರ್ಷದ ಮಗಳಿಗೆ ಗುರುಗಳನ್ನು ಆರಿಸಲು ಲ್ಯಾಪ್‌ಟಾಪಿನಲ್ಲಿ ಪಟ್ಟಿ ಮಾಡಿಕೊಂಡಿದ್ದ. ಏರಿಯಾ, ಫೀಸು, ಪಾರ್ಕಿಂಗ್, ಸ್ವಭಾವ, ಎಲ್ಲಕ್ಕೂ ಒಂದೊಂದು ಕಾಲಮ್ಮು, ಹತ್ತಕ್ಕೆ ಇಂತಿಷ್ಟು ಅಂಕ. ಅಂಕ ಹಾಕಲು ಸಂಗೀತ ಬಲ್ಲವರೊಬ್ಬರು ಬೇಕಲ್ಲ, "ಭಾವ, ನೀವು ಬರಲೇಬೇಕು" ಎಂದ. ನನ್ನ ಸಂಗೀತ ಜಂಟಿವರಸೆಗೇ ನಿಂತುಹೋದದ್ದು. ರಾಮನವಮಿ ಕಛೇರಿಗಳಿಗೆಂದು ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನಕ್ಕೆ ಹೋಗಿ, ತಪ್ಪು ತಾಳ ಹಾಕಿ, ಪಕ್ಕದವರಿಂದ ಕೆಂಗಣ್ಣು ಬಿಡಿಸಿಕೊಂಡು ಬರುವವನು ನಾನು. ಆದರೂ 'ಬಲ್ಲವರು' ಅಂದನಲ್ಲ, ಉಬ್ಬಿಹೋಗಿ ಹೊರಟೆ.

ಹೋದಲ್ಲೆಲ್ಲ ಮೊದಲು ಮಹಾರಾಜರ ಪ್ರಸ್ತಾಪ. "ನಮ್ಮ ಜಯಚಾಮರಾಜ ಒಡೆಯರೇ ಪಿಯಾನೋ ಕಲಿತಿದ್ರು ಸರ್. ರಷ್ಯಾದ ಮೆಟ್ನರ್ ತನ್ನ ಮೂರನೇ ಕಾನ್ಸರ್ಟೊನ ಅವರಿಗೇ ಅರ್ಪಿಸಿದ್ದಾನೆ." ಅದು ನಿಜವೇ. 1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಆ ವೃದ್ಧ ಸಂಗೀತಗಾರನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರು ನಮ್ಮ ಮಹಾರಾಜರು. ಆದರೆ ಅವರು ಮೆಟ್ನರನ ಪಾಸ್ ಪರ್ಸೆಂಟೇಜ್ ಕೇಳಿರಲಾರರು. ಇವನು ಕೇಳುತ್ತಿದ್ದ. ಪಿಯಾನೋ ಪರೀಕ್ಷೆಯ ಎಂಟೂ ಗ್ರೇಡು ಮುಗಿಸಲು ಎಷ್ಟು ವರ್ಷ, ಎರಡೆರಡು ಒಟ್ಟಿಗೆ ಕಟ್ಟಬಹುದೇ ಎಂದೂ ಕೇಳುತ್ತಿದ್ದ. ಲಂಡನ್ನಿನ ಒಂದು ಬೋರ್ಡಿನಲ್ಲಿ ಐದನೇ ಗ್ರೇಡಿನ ಥಿಯರಿಯನ್ನೋ ಅದಕ್ಕೆ ಸಮನಾದದ್ದನ್ನೋ ಪಾಸು ಮಾಡದೆ ಆರಕ್ಕೆ ಕೂರಿಸುವುದಿಲ್ಲ ಎಂದು ಒಬ್ಬರು ಹೇಳಿದ್ದೇ ತಡ, "ಥಿಯರಿ ಕೇಳದ ಬೋರ್ಡ್ ಯಾವುದು?" ಎಂದ. ಅಂಥದ್ದೂ ಒಂದಿತ್ತು. ಪಟ್ಟಿಗೆ ಹೊಸ ಕಾಲಮ್ಮು ಬಂತು. ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ.

ಜಯನಗರದಲ್ಲೊಬ್ಬ ಹುಡುಗ ಕಾರ್ ಶೆಡ್ಡಿನಲ್ಲಿ ಕೀಬೋರ್ಡ್ ಇಟ್ಟುಕೊಂಡು ಪಾಠ ಹೇಳುತ್ತಿದ್ದ. ಒಳ್ಳೆಯ ಹುಡುಗ, ಕಾಫಿ ತರಿಸಿದ. ನಮ್ಮವನು ಕಾಫಿ ಮುಟ್ಟದೆ, ಬೆರಳು ಓಡಿಸುತ್ತಾ ಕೀಗಳನ್ನು ಎಣಿಸತೊಡಗಿದ. ಎಣಿಸಿ ಮುಗಿಸಿ ನನ್ನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "61 ಇದೆ ಭಾವ. ಪಿಯಾನೋಗೆ 88. 27 ಕಮ್ಮಿ!" ಎಂದ. ಆಮೇಲೆ ಹುಡುಗನ ಕಡೆ ತಿರುಗಿ, "ಹತ್ತಿರ ಹತ್ತಿರ ಮೂವತ್ತು ಪರ್ಸೆಂಟ್ ಆಯ್ತಲ್ಲ ಸರ್, ಫೀಸಲ್ಲೂ ಅಷ್ಟು ಬಿಡ್ತೀರಾ?" ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕುತ್ತಾ ಕೂತೆ. ಹುಡುಗ ತಣ್ಣಗೆ, "ನಿಮ್ಮ ಮಗಳಿಗೆ ಬೆರಳು ಹತ್ತೇ ಸರ್" ಎಂದ. ಸ್ವಭಾವದ ಕಾಲಮ್ಮಿನಲ್ಲಿ ಅವನಿಗೆ ಎರಡು ಅಂಕ ಬಿತ್ತು. ಷಡ್ಡಕನ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಹಗುರ ಕೀಬೋರ್ಡಿಗೆ ಒಗ್ಗಿದ ಬೆರಳಿಗೆ ಪಿಯಾನೋದ ಭಾರದ ಕೀ ಕಷ್ಟವೇ. ಆದರೆ ಅದಕ್ಕೆ ಭಾಗಾಕಾರ ಬೇಕಿರಲಿಲ್ಲ.

ಕೊನೆಗೆ ಕುಕ್ ಟೌನಿನ ಒಂದು ಹಳೆಯ ಮನೆ. ವಯಸ್ಸಾದ ಮಿಸ್, ಅವರಿಗಿಂತ ವಯಸ್ಸಾದ ಪಿಯಾನೋ. ಅದರ ಬುಡದ ಸಂದಿಯಲ್ಲಿ ಮಂದ ಬೆಳಕು ಕಂಡು, "ಇದು ಕರೆಂಟಿಂದಾ ಮಿಸ್?" ಎಂದ. "ಮಳೆಗಾಲ ಅಲ್ವಾ, ಥಂಡಿ ಹಿಡೀಬಾರ್ದು ಅಂತ ಬಲ್ಬ್ ಇಟ್ಟಿದೀನಿ" ಎಂದು ಆಕೆ ಮುಂದಿನ ಹಲಗೆಯನ್ನೂ ತೆಗೆದು ತೋರಿಸಿದರು. ಅಷ್ಟು ದಿನ ಅಪ್ಪನ ಬೆನ್ನ ಹಿಂದೆಯೇ ನಿಂತಿದ್ದ ಹುಡುಗಿ ಈಚೆ ಬಂದು ಒಂದು ಕೀ ಒತ್ತಿದಳು. ಒಳಗೆ ಉಣ್ಣೆ ಸುತ್ತಿದ ಪುಟ್ಟ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯಿತು. ಮತ್ತೆ ತೀರ ಮೆಲ್ಲಗೆ ಒತ್ತಿದಳು. ಸುತ್ತಿಗೆ ತಂತಿಯ ಹತ್ತಿರದವರೆಗೂ ಹೋಗಿ, ಮುಟ್ಟದೆ, ಸದ್ದಿಲ್ಲದೆ ವಾಪಸು ಬಂತು. "ಅಪ್ಪಾ, ಹೆದರ್ಕೊಂಡು ಓಡೋಯ್ತು!"

ಅಪ್ಪ ಆಗಲೇ ಪಾಸ್ ಪರ್ಸೆಂಟೇಜಿಗೆ ಬಂದಿದ್ದ. ಮಿಸ್ ಅದಕ್ಕೆ ಉತ್ತರ ಕೊಡಲಿಲ್ಲ. "ನೀವು ದಿನಾ ಇಪ್ಪತ್ತು ನಿಮಿಷ ಇವಳ ಪಕ್ಕ ಕೂರ್ತೀರಾ? ಫೋನ್ ಇಲ್ದೆ?" ಎಂದರು. ಸಭೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸುವವನು ಟೈಲ್ಸ್ ನೋಡುತ್ತಾ ನಿಂತ.

ಬರುವಾಗ ಸಿಗ್ನಲ್ಲಿನಲ್ಲಿ ತಾನಾಗಿಯೇ ಹೇಳಿದ. ಅವನ ಊರಿನ ಭಜನೆಮನೆಯಲ್ಲಿ ಒಂದು ಹಾರ್ಮೋನಿಯಂ ಇತ್ತಂತೆ. ಹುಡುಗರಿಗೆ ತಿದಿ ಒತ್ತಲು ಬಿಡುತ್ತಿದ್ದರು, ಕೀ ಮುಟ್ಟಲು ಬಿಡುತ್ತಿರಲಿಲ್ಲ. ಕಲಿಯುತ್ತೇನೆ ಎಂದಾಗ ಅವರಪ್ಪ ಲೆಕ್ಕದ ಟ್ಯೂಷನ್ನಿಗೆ ಸೇರಿಸಿದರಂತೆ. ಲೆಕ್ಕ ಅವನಿಗೆ ಯಾಕೆ ಅಷ್ಟು ಚೆನ್ನಾಗಿ ಬರುತ್ತದೆಂದು ಗೊತ್ತಾಯಿತು. ಏನಾದರೂ ಹೇಳೋಣವೆಂದುಕೊಳ್ಳುವಷ್ಟರಲ್ಲಿ ಹಸಿರು ದೀಪ ಬಂತು, ಹಿಂದಿನವರು ಹಾರ್ನ್ ಹೊಡೆದರು.

ಹುಡುಗಿ ಈಗ ಕುಕ್ ಟೌನಿಗೇ ಹೋಗುತ್ತಾಳೆ. ಪಾರ್ಕಿಂಗ್ ಇಲ್ಲ, ಫೀಸು ಪಟ್ಟಿಯಲ್ಲೇ ಹೆಚ್ಚು. ಮನೆಗೆ ಡಿಜಿಟಲ್ ಪಿಯಾನೋ ಬಂದಿದೆ, ಅಂಗಡಿಯಲ್ಲಿ ಎಣಿಸಿಯೇ ತಂದದ್ದು. ಸಂಜೆ ಫೋನನ್ನು ಅಡುಗೆಮನೆಯಲ್ಲಿಟ್ಟು ಮಗಳ ಪಕ್ಕ ಕೂರುತ್ತಾನಂತೆ. ಅವಳಿಗಿಂತ ಅವನೇ ಹೆಚ್ಚು ನುಡಿಸುತ್ತಾನೆಂದು ನಾದಿನಿಯ ದೂರು.

ಅವನ ಚಿಕ್ಕ ಮಗನಿಗೆ ಮೊನ್ನೆ ಐದು ತುಂಬಿತು. ನಿಮಗೆ ಯಾರಾದರೂ ಈಜು ಕಲಿಸುವವರು ಗೊತ್ತಿದ್ದರೆ ದಯವಿಟ್ಟು ನನಗೆ ಹೇಳಬೇಡಿ.