ಚಂದ್ರನ ಪಹಣಿ

ಹ್ಯೂಸ್ಟನ್. ಅಳಿಯ, ಚಂದ್ರನ ಮೇಲೆ ಜನವಸತಿ ಆಗಲೇಬೇಕೆನ್ನುವ ಸಂಘದ ಸ್ವಯಂಸೇವಕ. ಮಾವ, ಮಂಡ್ಯದ ನಿವೃತ್ತ ಸಬ್ ರಿಜಿಸ್ಟ್ರಾರ್.

ಮಾವ: ಸಂಘಕ್ಕೆ ಲಾಭ ಹೇಗೆ ಅಳಿಯಂದಿರೇ?

ಅಳಿಯ: ನಮ್ಮದು ಲಾಭರಹಿತ ಸಂಸ್ಥೆ ಮಾವ. ಲಾಭವೆಲ್ಲ ಅಲ್ಲಿ ಗಣಿ ತೆಗೆಯೋ ಕಂಪನಿಗಳಿಗೆ.

ಮಾವ: ಪರೋಪಕಾರ ಅಂದ್ರೆ ಇದು! ಜಮೀನು ಯಾರ ಹೆಸರಲ್ಲಿದೆ?

ಅಳಿಯ: 1967ರ ಒಪ್ಪಂದದಂತೆ ಯಾವ ದೇಶವೂ ತನ್ನದು ಅನ್ನೋ ಹಾಗಿಲ್ಲ.

ಮಾವ: ಮತ್ತೆ ಗಣಿ?

ಅಳಿಯ: 2015ರ ಅಮೆರಿಕದ ಕಾನೂನಿದೆ. ನೆಲ ನಿಮ್ಮದಲ್ಲ, ಅಗೆದದ್ದು ನಿಮ್ಮದು.

ಮಾವ: ಹೊಲ ಯಾರದ್ದೋ, ಕಡಲೆಕಾಯಿ ಕಿತ್ತವನದ್ದು! ಇಂಥ ಪತ್ರ ತಂದವರನ್ನ ನಾನು ಕಚೇರಿ ಮೆಟ್ಟಿಲು ಹತ್ತಿಸ್ತಿರಲಿಲ್ಲ.

ಅಳಿಯ: ಚಂದ್ರ ಇಡೀ ಮನುಕುಲದ ಆಸ್ತಿ ಅನ್ನೋ 1979ರ ಒಪ್ಪಂದವೂ ಇದೆ. ನಮ್ಮ ಹಾಗೇ ಬಾಹ್ಯಾಕಾಶದಲ್ಲಿ ಜನವಸತಿ ಬೇಕೆನ್ನುತ್ತಿದ್ದ ಎಲ್‌-5 ಸೊಸೈಟಿಯವರು ವಾಷಿಂಗ್ಟನ್ನಿನಲ್ಲಿ ಲಾಬಿ ಮಾಡಿದರು, ಅಮೆರಿಕ ಅದನ್ನ ಒಪ್ಪಲೇ ಇಲ್ಲ.

ಮಾವ: ಭಾರತ?

ಅಳಿಯ: ಅದಕ್ಕೆ ಸಹಿ ಹಾಕಿ ಅನುಮೋದಿಸದೆ ಬಿಟ್ಟಿತು. 2023ರಲ್ಲಿ ಅಮೆರಿಕದ ಆರ್ಟೆಮಿಸ್ ಒಪ್ಪಂದಕ್ಕೂ ಸಹಿ.

ಮಾವ: ಜಾಣರು. ಆ ಎಲ್‌-5ನವರು ಮೇಲೆ ಹೋದರೇ?

ಅಳಿಯ: ಬಾಹ್ಯಾಕಾಶದಲ್ಲೇ ಮಹಾಸಭೆ ಸೇರಿ ಸಂಘ ವಿಸರ್ಜಿಸೋ ಗುರಿ ಇತ್ತು. 1987ರಲ್ಲಿ ಭೂಮಿ ಮೇಲೇ ಇನ್ನೊಂದು ಸಂಘದ ಜೊತೆ ವಿಲೀನವಾಯ್ತು.

ಮಾವ: ಮೇಲೆ ಕೋರಂ ಆಗ್ತಿರಲಿಲ್ಲ ಬಿಡಿ.

ಅಳಿಯ: ನಾವು ಚಂದ್ರನ ಮೇಲೆ ಮನೆ ಕಟ್ಟೇ ಕಟ್ತೀವಿ! ಅಲ್ಲಿ ಒಂದು ರಾತ್ರಿ ಅಂದ್ರೆ ಸುಮಾರು 14 ದಿನ, ಕರೆಂಟಿಗೆ ಸ್ವಲ್ಪ ಕಷ್ಟ.

ಮಾವ: ಅದು ನಮಗೆ ಅಭ್ಯಾಸ. ನೀರು?

ಅಳಿಯ: ದಕ್ಷಿಣ ಧ್ರುವದ ಕುಳಿಗಳಲ್ಲಿ ಮಂಜುಗಡ್ಡೆ ಇದೆ.

ಮಾವ: ಇದೆಯಾ? ಹಾಗಾದ್ರೆ ಮೊದಲು ನ್ಯಾಯಮಂಡಳಿ ಕಳಿಸಿ. ಮನೆ ಆಮೇಲೆ.